ಬೇವಿನ ಗಿಡದ ಸ್ಟಾಪಿನಲ್ಲಿ ನಿಲ್ಲದ ಬಸ್ಸು

ನನಗೆ ಆಟಿಟ್ಯೂಡ್ ಇದೆಯಂತೆ. ಇದು ನನ್ನ ಮಾತಲ್ಲ, ನಮ್ಮ ಡಿಪೋದ ಮಾತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ರಸ್ತೆಗಳಲ್ಲಿ ಓಡಾಡುವ ಕೆಂಪು ಬಸ್ಸಿನಲ್ಲಿ ನಾನು ಕಂಡಕ್ಟರ್. ಯಾವ ಡಿಪೋ ಎಂದು ಮಾತ್ರ ಹೇಳುವುದಿಲ್ಲ, ಹೇಳಿದರೆ ಅದಕ್ಕೂ ಒಂದು ಮೆಮೊ ಕೊಟ್ಟಾರು. ಅಲ್ಲಿಗೆ ಬಂದು ನನ್ನ ಹೆಸರು ಹಿಡಿದು ಕೇಳಿದರೆ ಗೇಟಿನವನು ತಲೆ ಕೆರೆದುಕೊಳ್ಳುತ್ತಾನೆ. 'ಆಟಿಟ್ಯೂಡ್ ಮೇಡಂ' ಎಂದು ಕೇಳಿದರೆ ಸಾಕು, ಯಾವ ಬಸ್ಸಿನ ಹತ್ತಿರ ನಿಂತಿದ್ದೇನೆ ಎಂದು ಕೈ ಮಾಡಿ ತೋರಿಸುತ್ತಾನೆ.

ಕನ್ನಡದಲ್ಲಿ ಇದಕ್ಕೆ ಸೊಕ್ಕು, ಧಿಮಾಕು ಎಂಬ ಒಳ್ಳೆಯ ಮಾತುಗಳಿವೆ. ಆದರೆ ಅವನ್ನು ಮುಖದೆದುರು ಆಡಿದರೆ ಜಗಳ ಆಗುತ್ತದೆ. ಆಟಿಟ್ಯೂಡ್ ಎಂದರೆ ಬೈದಂತೆಯೂ ಆಯಿತು, ಬೈಯದಂತೆಯೂ ಆಯಿತು. ನನ್ನ ಆಟಿಟ್ಯೂಡ್ ಏನೆಂದರೆ, ಚೇಷ್ಟೆ ಮಾಡಿದರೆ ನನಗೆ ನಗು ಬಂದರಷ್ಟೇ ನಗುತ್ತೇನೆ. ಬಸ್ಸು ತಡವಾಯಿತೇಕೆ ಎಂದು ಯಾರಾದರೂ ಕೇಳಿದರೆ ಇದ್ದ ಕಾರಣ ಹೇಳುತ್ತೇನೆ. ಇಷ್ಟು ಸಾಕು, ಹೆಣ್ಣುಮಗಳಿಗೆ ಆ ಬಿರುದು ಸಿಗಲು.

ನನ್ನ ಜೊತೆ ಡ್ಯೂಟಿ ಬಿದ್ದ ಡ್ರೈವರ್ ಶಿಗ್ಗಾವಿ ಕಡೆಯವರು, ನನಗಿಂತ ಹಿರಿಯರು. ಇಡೀ ಡಿಪೋಗೆ ಬೇಕಾದ ಮನುಷ್ಯ. ಸವಣೂರಿಗೆ ಹೋದಾಗಲೆಲ್ಲ ಕಟ್ಟುಗಟ್ಟಲೆ ವೀಳ್ಯದೆಲೆ ತಂದು, ಗೇಟಿನವನಿಂದ ಹಿಡಿದು ಮ್ಯಾನೇಜರ್ ಸಾಹೇಬರವರೆಗೆ ಹಂಚುತ್ತಿದ್ದರು. ಸಿಟ್ಟು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಓಡಿಸುವುದರಲ್ಲಿಯೂ ಎತ್ತಿದ ಕೈ. ತಗ್ಗು ಬಿದ್ದ ರಸ್ತೆಯಲ್ಲಿ ನಿಂತವರ ಕೈಯ ಚಹಾ ಚೆಲ್ಲದಂತೆ ಗಾಡಿ ನಡೆಸುತ್ತಿದ್ದರು. ಒಂದು ಲೀಟರ್ ಡೀಸೆಲ್ಲಿಗೆ ಯಾರು ಎಷ್ಟು ದೂರ ಓಡಿಸಿದರು ಎಂದು ಡಿಪೋದ ಬೋರ್ಡಿನಲ್ಲಿ ಬರೆಯುತ್ತಾರೆ. ಅದರಲ್ಲಿ ಇವರ ಹೆಸರು ಯಾವಾಗಲೂ ಮೇಲೆ. ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬೇಡ ಎಂದು ಗಾದೆ ಇದೆ. ನಗುವ ಗಂಡಸಿನ ಬಗ್ಗೆ ಗಾದೆ ಕಟ್ಟಿದವರಿಗೆ ಏಕೆ ಏನೂ ಹೊಳೆಯಲಿಲ್ಲವೋ ತಿಳಿಯದು.

ಬಸ್ಸಿನಲ್ಲಿ ಡ್ರೈವರ್ ಕಂಡಕ್ಟರ್ ಇಬ್ಬರೇ ಒಂದು ತಂಡ. ಅವರು ಮುಂದೆ, ನಾನು ಹಿಂದೆ, ನಡುವೆ ಮಂದಿ. ಮುಖ ನೋಡಿ ಮಾತಾಡಲು ಆಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಎರಡೇ ಮಾತು. ನಿಲ್ಲಿಸಲು 'ಹೋಲ್ಡಾನ್', ಹೊರಡಲು 'ರೈಟ್'. ಹೋಲ್ಡಾನ್ ಅಂದರೆ ನಿಲ್ಲಿಸಬೇಕು, ರೈಟ್ ಅನ್ನದೆ ಚಕ್ರ ಉರುಳಬಾರದು. ಯಾರು ಯಾರಿಗೆ ದೊಡ್ಡವರು ಎಂಬ ಪ್ರಶ್ನೆಯೇ ಅಲ್ಲಿಲ್ಲ.

ಬೆಳಗಿನ ಮೊದಲ ಟ್ರಿಪ್ಪು ಹಾನಗಲ್ಲಿನಿಂದ ಅಕ್ಕಿಆಲೂರು, ತಿಳವಳ್ಳಿ ಹಾಯ್ದು ಹಿರೇಕೆರೂರಿಗೆ. ಅಕ್ಕಿಆಲೂರು ಬಿಟ್ಟ ಮೇಲೆ ರಸ್ತೆಯ ಬದಿಗೆ ಒಂದು ಬೇವಿನ ಗಿಡ ಸಿಗುತ್ತದೆ. ಬೋರ್ಡಿಲ್ಲ, ಶೆಡ್ಡಿಲ್ಲ, ಆದರೂ ಅದು ನಮ್ಮ ಬಸ್ಸಿನ ಸ್ಟಾಪು. ಒಳಗಿನ ಹಳ್ಳಿಯ ಹೆಣ್ಣುಮಕ್ಕಳು ಬುತ್ತಿಯ ಚೀಲ ಹಿಡಿದು, ತಲೆಗೆ ಟವೆಲ್ ಸುತ್ತಿಕೊಂಡು ಅಲ್ಲಿ ಗುಂಪಾಗಿ ನಿಂತಿರುತ್ತಾರೆ. ಹಿರೇಕೆರೂರು ಕಡೆ ಹತ್ತಿ ಬೀಜ ಬೆಳೆಯುವ ಹೊಲಗಳಿವೆ, ಅಲ್ಲಿಗೆ ಹೋಗುವವರು. ಗುಂಪಿಗೆ ಒಬ್ಬಳು ಹಿರಿಯಳು, ದೊಡ್ಡ ಗಂಟಲಿನವಳು. ಅವರು ಮಾಡುವ ಕೆಲಸವನ್ನು ನನಗೆ ತಿಳಿಸಿ ಹೇಳಿದವಳು ಅವಳೇ. ಸಂಜೆ ಒಬ್ಬಳು ಹತ್ತಿಯ ಮೊಗ್ಗು ಬಿಡಿಸಿ ಅದರೊಳಗಿನ ಗಂಡು ಭಾಗ ತೆಗೆದು ಬಿಡುತ್ತಾಳೆ. ಮರುದಿನ ಬೆಳಿಗ್ಗೆ ಇನ್ನೊಬ್ಬಳು ಬೇರೆ ಜಾತಿಯ ಹತ್ತಿಯ ಹೂ ತಂದು ಅದಕ್ಕೆ ಮುಟ್ಟಿಸುತ್ತಾಳೆ. ಬಿಸಿಲು ಏರುವುದರೊಳಗೆ ಮುಟ್ಟಿಸಬೇಕು. ತಡವಾದರೆ ನಿನ್ನೆ ಸಂಜೆ ಒಬ್ಬಳು ಬೆನ್ನು ಬಗ್ಗಿಸಿ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ನಮ್ಮ ಡ್ರೈವರ್ ಸಾಹೇಬರಿಗೆ ಆ ಬೇವಿನ ಗಿಡ ಕಾಣದಂತಾಯಿತು. ಮೊದಮೊದಲು ಗಿಡ ದಾಟಿ ದೂರದಲ್ಲಿ ನಿಲ್ಲಿಸುತ್ತಿದ್ದರು. ಅವರೆಲ್ಲ ಬುತ್ತಿ ಎದೆಗವುಚಿಕೊಂಡು ಓಡಿ ಬರಬೇಕು. ಮುಂದೆ ಮುಂದೆ ಅದೂ ಹೋಯಿತು. ಗಿಡ ಕಂಡ ಕೂಡಲೇ ಗಾಡಿಯನ್ನು ರಸ್ತೆಯ ನಡುವಿಗೆ ತಂದು, ಆ ಬದಿಯ ಹೊಲದಲ್ಲಿ ಏನೋ ಅಪರೂಪದ್ದು ಕಂಡಂತೆ ಕತ್ತು ತಿರುಗಿಸಿ ಹೋಗಿಬಿಡುವರು. ನಾನು ಹಿಂದಿನ ಬಾಗಿಲಲ್ಲಿ ನಿಂತು "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತಿದ್ದೆ. ದಿನಾ ಕೂಗುತ್ತಿದ್ದೆ. ಬಾಗಿಲಿನ ಪಕ್ಕದಲ್ಲೇ ಓಡಿ ಬಂದು ಹಿಂದುಳಿದ ಹೆಣ್ಣುಮಕ್ಕಳ ಮುಖ ನಾನು ನೋಡಬೇಕಿತ್ತು, ಡ್ರೈವರ್ ಅಲ್ಲ.

ಹಿರೇಕೆರೂರಿನಲ್ಲಿ ಇಳಿದ ಮೇಲೆ ಕೇಳಿದೆ.

"ಅಣ್ಣಾರ, ನಾ ಒದರಿದ್ದು ಕೇಳಲಿಲ್ಲೇನ್ರಿ?"

"ಇಂಜಿನ್ ಸಪ್ಪಳದಾಗ ಎಲ್ಲಿ ಕೇಳ್ತೈತ್ರಿ ಮೇಡಂ," ಎಂದು ನಕ್ಕರು.

"ಕನ್ನಡಿ ಐತಲ್ರಿ. ನೋಡಬಹುದಿತ್ತು."

"ಗಾಡಿ ಫುಲ್ ಇತ್ರಿ. ಎಲ್ಲಾ ಫ್ರೀ ಮಂದಿ. ಗೇರ್ ಇಳಿಸಿ ಏರಿಸಿ ಡೀಸೆಲ್ ಸುಡೂದು ನಾನು, ಬೈಸಿಕೊಳ್ಳೂದು ನಾನು. ನೀವು ಭಾಳ ಮನಸ್ಸಿಗೆ ಹಚ್ಚಿಕೊಳ್ತೀರಿ. ಒಂದ್ ಎಲಿ ಹಾಕ್ಕೋರಿ, ತಣ್ಣಗಾಗ್ತೈತಿ."

ಎಲೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಅಣ್ಣಾರ ಎನ್ನುವುದನ್ನೂ, ಹೋಲ್ಡಾನ್ ರೈಟ್ ಬಿಟ್ಟು ಬೇರೆ ಮಾತನ್ನೂ ಬಿಟ್ಟೆ. ಡಿಪೋದಲ್ಲಿ ಸುದ್ದಿ ಹಬ್ಬಿತು: ಮೇಡಂಗೆ ಹೊಂದಿಕೊಂಡು ಹೋಗಲು ಬರುವುದಿಲ್ಲ, ಅಂಥ ದೇವರಂಥ ಡ್ರೈವರ್ ಜೊತೆಗೂ ಜಗಳ. ದೇವರಂಥವರು ಎಂಬುದೇನೋ ನಿಜ. ದೇವರೂ ಕೂಗಿದವರಿಗೆಲ್ಲ ಓಗೊಡುವುದಿಲ್ಲವಲ್ಲ.

ನ್ಯಾಯವಾಗಿ ನೋಡಿದರೆ ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಡಿಪೋದಲ್ಲಿ ಡ್ರೈವರನನ್ನು ಅಳೆಯುವುದು ಡೀಸೆಲ್ಲಿನಿಂದ, ಕಂಡಕ್ಟರನನ್ನು ಅಳೆಯುವುದು ಟಿಕೆಟ್ಟಿನಿಂದ. ರಸ್ತೆ ಬದಿಯಲ್ಲಿ ಕೈ ಎತ್ತಿ ನಿಂತವರು ಯಾವ ಅಳತೆಗೂ ಬರುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿ, ಬೇರೆ ಬೇರೆ ದಿಕ್ಕಿಗೆ ಮೇವು ತೋರಿಸಿದರೆ ಗಾಡಿ ಹೇಗೆ ನಡೆದೀತು? ಆದರೂ ನನಗೆ ಸಿಟ್ಟಿತ್ತು. ಡೀಸೆಲ್ಲಿನ ಸಂಕಟವನ್ನು ಸಾಹೇಬರ ಮುಂದೆ ಆಡಲು ಧೈರ್ಯವಿಲ್ಲ, ಅದನ್ನು ಓಡಿ ಬರುವ ಹೆಂಗಸರ ಮೇಲೆ ತೀರಿಸುವುದು. ಅದಕ್ಕೆ ನಗುಮುಖ ಬೇರೆ.

ಅಕ್ಕಿಆಲೂರಿನ ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ನಿಂತಿತ್ತು. ಆ ದೊಡ್ಡ ಗಂಟಲಿನವಳು ಕಾಯಿಪಲ್ಲೆ ಚೀಲ ಹೊತ್ತು ಸೀದಾ ನನ್ನ ಹತ್ತಿರ ಬಂದಳು. ನನ್ನ ಕಷ್ಟ ಅವಳಿಗೆ ಗೊತ್ತಿದೆ ಎಂದುಕೊಂಡಿದ್ದೆ. ಅವಳು ಸಂತೆಯ ಮಂದಿಗೆಲ್ಲ ಕೇಳುವಂತೆ ಶುರು ಮಾಡಿದಳು.

"ಏ ತಂಗೀ, ನೀನೂ ಹೆಣ್ಣಮಗಳಲ್ಲೇನ? ಬಾಗಲದಾಗ ನಿಂತು ನಮ್ಮನ್ನ ನೋಡಿಕೋತ ಹೋಗ್ತಿಯಲ್ಲ, ಹೊಟ್ಟ್ಯಾಗ ಏನೂ ಆಗಂಗಿಲ್ಲ ನಿನಗ?"

"ನಾ ಒದರ್ತೇನಿ ಯವ್ವಾ. ಅವರು ನಿಂದರಸಂಗಿಲ್ಲ."

"ಅದನ್ನ ನಮಗ್ಯಾಕ ಹೇಳ್ತಿ? ಬಸ್ ಒಳಗ ಇರಾಕಿ ನೀನು. ಹೊಲದ ಸಾಹುಕಾರ ನಿನ್ನೆ ಏನಂದ ಗೊತ್ತೈತೇನು? ಇನ್ನೊಮ್ಮಿ ಹೊತ್ತಾದ್ರ ನಮ್ಮ ಗುಂಪು ಬ್ಯಾಡಂತ. ಬ್ಯಾರೆ ಊರಿಂದ ಟೆಂಪೋ ತುಂಬಿ ಕರಸ್ತೇನಿ ಅಂದ. ಇಡೀ ಹಂಗಾಮಿನ ಕೆಲಸ ಹೋಗ್ತೈತಿ ತಂಗಿ, ಇಡೀ ಹಂಗಾಮು."

ಅವಳು ಹೋದ ಮೇಲೂ ಮಂದಿ ನನ್ನನ್ನು ನೋಡುತ್ತಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವಳ ಮೇಲಲ್ಲ. ಅವಳು ಹೇಳಿದ್ದು ಸರಿ. ರಸ್ತೆಯ ಮೇಲೆ ನಿಂತವಳಿಗೆ ಒಳಗಿನ ಇಬ್ಬರಲ್ಲಿ ಯಾರು ಕೂಗಿದರು, ಯಾರು ಕಿವಿ ಮುಚ್ಚಿಕೊಂಡರು ಎಂಬುದು ಏಕೆ ಬೇಕು? ಅವಳಿಗೆ ಕಂಡದ್ದು ನಿಲ್ಲದ ಬಸ್ಸು, ಅದರ ಬಾಗಿಲಲ್ಲಿ ನಾನು.

ಮರುದಿನ ಬೆಳಿಗ್ಗೆ ಅಕ್ಕಿಆಲೂರು ಸ್ಟ್ಯಾಂಡಿನಲ್ಲಿ ಮಂದಿಯೆಲ್ಲ ಹತ್ತಿದರು. ಡ್ರೈವರ್ ಇಂಜಿನ್ ಚಾಲೂ ಮಾಡಿ ಕಾದರು. ನಾನು ಹಿಂದಿನಿಂದ ನಡೆದು ಅವರ ಸೀಟಿನ ಹತ್ತಿರ ಹೋಗಿ ನಿಂತೆ.

"ಬೇವಿನ ಗಿಡಕ್ಕ ನಿಂದರಸ್ತೇನಿ ಅನ್ರಿ. ಆಮ್ಯಾಲ ರೈಟ್ ಅಂತೇನಿ."

"ಏನ್ ಮೇಡಂ, ಸಣ್ಣ ಹುಡುಗ್ರಂಗ ಹಟ."

"ಹೌದ್ರಿ, ಹಟ. ಟೈಂ ಹೊಂಟೈತಿ ನೋಡ್ರಿ."

ಹಿಂದಿನಿಂದ ಮಂದಿ ಗೊಣಗಿದರು. ಡ್ರೈವರ್ ಅವರತ್ತ ತಿರುಗಿ ಕಣ್ಣು ಹೊಡೆದು, "ಆತ್ರಿ ಮೇಡಂ ಅವರ, ನಿಮ್ಮ ಅಪ್ಪಣಿ ಆದಂಗ," ಎಂದರು. ನಾಲ್ಕು ಜನ ನಕ್ಕರು. ನಾನು ರೈಟ್ ಅಂದೆ.

ಅವರು ಮಾತು ಉಳಿಸಿಕೊಂಡರು, ತಮ್ಮ ಪದ್ಧತಿಯಲ್ಲಿ. ಗಿಡ ದಾಟಿ ಬಹಳ ದೂರ ಹೋಗಿ ನಿಲ್ಲಿಸಿದರು. ಹೆಣ್ಣುಮಕ್ಕಳು ಓಡಲು ಶುರು ಮಾಡಿದರು. ಅವರು ಬರುವುದರೊಳಗೆ ಗಾಡಿ ಬಿಟ್ಟಾರು ಎಂದು ನಾನೇ ಕೆಳಗಿಳಿದು ರಸ್ತೆಯ ಮೇಲೆ ನಿಂತೆ. ಕಂಡಕ್ಟರನ್ನು ಬಿಟ್ಟು ಹೋಗುವ ಡ್ರೈವರ್ ಭೂಮಿಯ ಮೇಲೆ ಇಲ್ಲ ಎಂಬ ನಂಬಿಕೆ ನನ್ನದು.

ಹಿಂದಿನ ಸೀಟಿನಲ್ಲಿ ಒಬ್ಬ ಬಿಳಿ ಅಂಗಿಯ ಗಂಡಸು ಕೂತಿದ್ದ. ಹಿರೇಕೆರೂರಿನಲ್ಲಿ ಯಾವುದೋ ಮದುವೆಗೆ ಹೊತ್ತಾಗುತ್ತದೆ ಎಂದು ಹಾನಗಲ್ಲಿನಿಂದಲೂ ಒದ್ದಾಡುತ್ತಿದ್ದ. ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ ಬಸ್ಸಿನ ಮೈಗೆ ಎರಡು ಸಲ ಪಟಪಟ ಬಡಿದು, "ರೈಟ್, ರೈಟ್! ಹೋಗ್ಲಿ!" ಅಂದ. ಗಾಡಿ ಹೊರಟೇ ಹೋಯಿತು.

ಒಳಗಿನವರು ಕೂಗದೆ ಇರಲಿಲ್ಲ. "ಕಂಡಕ್ಟರ್ ಉಳಿದಳೋ, ಹೋಲ್ಡಾನ್!" ಎಂದು ಇಡೀ ಬಸ್ಸು ಕೂಗಿತಂತೆ. ಆದರೆ ಆ ಗಿಡ ದಾಟಿದ ಮೇಲೆ ಹಿಂದಿನಿಂದ ಕೂಗು ಬರುವುದು ದಿನದ ಮಾತು. ಅದನ್ನು ಕೇಳದೆ ಇರುವುದನ್ನು ಡ್ರೈವರ್ ಅಷ್ಟು ಚೆನ್ನಾಗಿ ರೂಢಿ ಮಾಡಿಕೊಂಡಿದ್ದರು. ಇವತ್ತೂ ಹಾಗೆಯೇ ಎಂದು ಕನ್ನಡಿ ಕೂಡ ನೋಡದೆ ಗೇರ್ ಏರಿಸಿದರು. ನಾನು ಇಷ್ಟು ತಿಂಗಳು ಗಂಟಲು ಹರಿದುಕೊಂಡರೂ ನಿಲ್ಲದ ಗಾಡಿ, ಯಾರೋ ಗಂಡಸು ಎರಡು ಏಟು ಬಡಿದದ್ದಕ್ಕೆ ಹೊರಟಿತು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಕೊರಳಲ್ಲಿ ಟಿಕೆಟ್ ಮಷೀನು, ಹೆಗಲಲ್ಲಿ ಚೀಲ, ಖಾಕಿ ಅಂಗಿ ತೊಟ್ಟು ರಸ್ತೆಯ ನಡುವೆ ನಿಂತಿದ್ದೆ. ಏದುಸಿರು ಬಿಡುತ್ತ ಬಂದ ಹೆಣ್ಣುಮಕ್ಕಳು ಬಸ್ಸಿನ ಧೂಳನ್ನೂ ನನ್ನನ್ನೂ ನೋಡಿದರು. ಆಮೇಲೆ ಒಬ್ಬಳು ಕಿಸಕ್ಕೆಂದಳು. ಅಲ್ಲಿಂದ ಹಿಡಿದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡ ಗಂಟಲಿನವಳು ಕಣ್ಣೊರೆಸಿಕೊಂಡು, "ಬಾರವ್ವಾ ಬಾ, ನಮ್ಮ ಗುಂಪಿಗೆ ನೀನೂ ಸೇರಿದಂಗಾತು," ಅಂದಳು. ನನಗೂ ನಗು ಬಂತು. ಬಂದದ್ದಕ್ಕೆ ನಕ್ಕೆ.

ಮೆಕ್ಕೆಜೋಳದ ಖಾಲಿ ಚೀಲ ಹೇರಿಕೊಂಡು ಒಂದು ಟಂಟಂ ಆಟೋ ಬಂತು. ಕೈ ಮಾಡಿದ ಕೂಡಲೇ ನಿಂತಿತು. ಅದಕ್ಕೆ ಯಾವ ತರಬೇತಿಯೂ ಆಗಿರಲಿಲ್ಲ. ಚೀಲಗಳ ಮೇಲೆ ಒತ್ತೊತ್ತಾಗಿ ಕುಳಿತು ತಿಳವಳ್ಳಿ ಮುಟ್ಟಿದೆವು. ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ನಿಂತಿತ್ತು. ಕಂಡಕ್ಟರ್ ಇಲ್ಲದೆ ಅದು ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ. ಟಿಕೆಟ್ ಕೊಡುವವರಿಲ್ಲ, ಇಳಿಯುವವರು ಹತ್ತುವವರು ಎಲ್ಲರೂ ಡ್ರೈವರನ ಸುತ್ತ ನಿಂತು ಬೈಯುತ್ತಿದ್ದರು. ಮದುವೆಯ ಬಿಳಿ ಅಂಗಿಯವನ ದನಿಯೇ ಎಲ್ಲರಿಗಿಂತ ಜೋರು.

ಡ್ರೈವರ್ ನನ್ನನ್ನು ಕಂಡರು. ಮುಖದಲ್ಲಿ ನಗು ಇರಲಿಲ್ಲ. ನಾನು ಮೊದಲು ಹೆಣ್ಣುಮಕ್ಕಳನ್ನು ಹತ್ತಿಸಿದೆ. ಎಲ್ಲರಿಗೂ ಟಿಕೆಟ್ ಕೊಟ್ಟೆ. ಹಿಂದಿನ ಬಾಗಿಲಿಗೆ ಬಂದು ಸುಮ್ಮನೆ ನಿಂತೆ. ಗಾಡಿ ಚಾಲೂ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಡೆ ಬಂತು. ಅಲ್ಲಿಯವರೆಗೆ ಕಾದು ರೈಟ್ ಅಂದೆ.

ಹೊಲದ ಸಾಹುಕಾರ ಅಂದು ಬಾಯಿಗೆ ಬಂದಂತೆ ಬೈದು ಅವರನ್ನು ಒಳಗೆ ಬಿಟ್ಟನಂತೆ. ನಾಳೆ ಹೀಗಾದರೆ ಬರಲೇಬೇಡಿ ಎಂದನಂತೆ.

ಕಂಡಕ್ಟರನ್ನು ಬಿಟ್ಟು ಬಸ್ಸು ಹೋದದ್ದು ಡಿಪೋದಲ್ಲಿ ಸಣ್ಣ ಮಾತಲ್ಲ. ಸಂಜೆ ಸಾಹೇಬರು ಇಬ್ಬರನ್ನೂ ಕರೆದರು. ಒಳ್ಳೆಯ ಮನುಷ್ಯ, ಯಾರಿಗೂ ನೋವಾಗಬಾರದು ಎನ್ನುವವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾವಿಗೆ ಹಾಲೂ ಸಿಗಬೇಕು ಎಂಬ ಜಾತಿ.

"ಇದನ್ನ ಬರದು ಮ್ಯಾಲ ಕಳಸಿದ್ರ ಇಬ್ಬರಿಗೂ ತ್ರಾಸು. ಒಂದ್ ಮಾತು ಹೇಳ್ತೇನಿ ಮೇಡಂ, ನೀವು ಸವಣೂರಿನವರು. ಸವಣೂರು ಶಿಗ್ಗಾವಿ ನಡುವಿನ ಶಟಲ್ ಖಾಲಿ ಐತಿ. ಮನಿ ಹತ್ರ ಆಗ್ತೈತಿ. ಇವರಿಗೂ ಆರಾಮ, ನಿಮಗೂ ಆರಾಮ."

ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ತಡವಾಗಿ ಏಳಬಹುದು, ಮಧ್ಯಾಹ್ನ ಮನೆಯಲ್ಲಿ ಊಟ ಮಾಡಬಹುದು. ಆದರೆ ಬೇವಿನ ಗಿಡದ ಕೆಳಗೆ ನಿಂತವರಿಗೆ ಯಾವ ಆರಾಮ?

"ನನಗ ಇದ ರೂಟ್ ಬೇಕ್ರಿ ಸಾಹೇಬ್ರ. ಇದ ಡ್ರೈವರ್ ಬೇಕು."

ಸಾಹೇಬರು ಡ್ರೈವರನ ಮುಖ ನೋಡಿದರು. ಡ್ರೈವರ್ ಸೂರು ನೋಡಿದರು.

"ಮಾತ ಆಡಂಗಿಲ್ಲ ಇಬ್ಬರೂ. ಹೆಂಗ್ ಕೆಲಸ ಮಾಡ್ತೀರಿ?"

ಅದಕ್ಕೆ ನನ್ನಲ್ಲಿ ಉತ್ತರವಿತ್ತು. ನಮ್ಮ ಅಬ್ಬಾ ಸವಣೂರಿನಲ್ಲಿ ಖಾರಾ ಸೇವು ಕರಿಯುವವರು. ಅವರೂ ನಮ್ಮ ಕಾಕಾನೂ ಮನೆಯ ಗೋಡೆಯ ಸಲುವಾಗಿ ಮಾತು ಬಿಟ್ಟು, ನಾನು ಸಾಲೆಗೆ ಹೋಗುವಾಗಿನಿಂದ ನನ್ನ ಮದುವೆ ಆಗುವವರೆಗೂ ಆಡಲಿಲ್ಲ. ಆದರೆ ದಿನ ಬೆಳಗಾದರೆ ಇಬ್ಬರೂ ಒಂದೇ ಕಡಾಯಿಯ ಮುಂದೆ. ಕಾಕಾ ಕಾದ ಎಣ್ಣೆಯ ಮೇಲೆ ಹಿಟ್ಟು ಒತ್ತಬೇಕು, ಅಬ್ಬಾ ಅದು ಕೆಂಪಾಗುವುದರೊಳಗೆ ಝಾರಿ ಸೌಟಿನಿಂದ ಎತ್ತಬೇಕು. ಒಬ್ಬರ ಕೈ ಸರಿಯುವುದಕ್ಕೂ ಇನ್ನೊಬ್ಬರ ಕೈ ಬರುವುದಕ್ಕೂ ಸರಿಹೋಗಬೇಕು, ಇಲ್ಲದಿದ್ದರೆ ಮೊಣಕೈವರೆಗೆ ಸುಡುತ್ತದೆ. ಒಂದು ದಿನವೂ ಯಾರ ಕೈಯೂ ಸುಡಲಿಲ್ಲ. ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಸ್ನೇಹವಿದ್ದರೆ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಇಲ್ಲದಿದ್ದರೂ ಎದುರಿನವನ ಕೈ ಸುಡಬಾರದು ಎಂಬಷ್ಟು ಎಚ್ಚರ ಇದ್ದರೆ ಕೆಲಸ ನಡೆಯುತ್ತದೆ. ನಮ್ಮ ಡ್ರೈವರನಲ್ಲಿ ಸ್ನೇಹ ಬೇಕಾದಷ್ಟಿತ್ತು. ಎಚ್ಚರ ಇರಲಿಲ್ಲ.

ಇದನ್ನೆಲ್ಲ ಸಾಹೇಬರಿಗೆ ಹೇಳಿದೆ. ಅವರು ಖಾರಾ ತಿನ್ನುವ ಮನುಷ್ಯರೇ, ಆದರೆ ಕಥೆ ಹಿಡಿಸಲಿಲ್ಲ. ಮರುದಿನವೇ ಇಬ್ಬರನ್ನೂ ಟೀಮ್ ವರ್ಕಿನ ತರಬೇತಿಗೆ ಕಳಿಸಿದರು. ಆ ಒಂದು ದಿನ ಬೇವಿನ ಗಿಡದವರು ಕೈಯಿಂದ ದುಡ್ಡು ಕೊಟ್ಟು ಟಂಟಂ ಹಿಡಿದು ಹೋದರಂತೆ.

ತರಬೇತಿ ಕೊಡಲು ಬಂದವರು ಕೋಟು ತೊಟ್ಟಿದ್ದರು. ಬೇರೆ ಬೇರೆ ಡಿಪೋಗಳ ಡ್ರೈವರ್ ಕಂಡಕ್ಟರ್ ಜೋಡಿಗಳು ಬೆಂಚುಗಳ ಮೇಲೆ ಕೂತಿದ್ದೆವು. ಮೊದಲು ಆಟ. ಜೋಡಿಗೊಂದು ಟವೆಲ್, ಅದರ ಎರಡು ತುದಿ ಇಬ್ಬರೂ ಹಿಡಿದು, ಮೇಲೆ ಬಲೂನು ಇಟ್ಟುಕೊಂಡು ಬೀಳದಂತೆ ಗೋಡೆ ಮುಟ್ಟಿ ಬರಬೇಕು. ನಗುತ್ತ ಮಾತಾಡುತ್ತ ಹೋದ ಜೋಡಿಗಳ ಬಲೂನೆಲ್ಲ ಬಿದ್ದವು. ನಾವಿಬ್ಬರೂ ತುಟಿ ಬಿಚ್ಚದೆ ಹೋಗಿ ಬಂದೆವು, ನಾವೇ ಗೆದ್ದೆವು. ಕೋಟಿನವರು ನಮ್ಮನ್ನು ಮುಂದೆ ನಿಲ್ಲಿಸಿ, "ನೋಡಿ, ಪರಸ್ಪರ ಪ್ರೀತಿ ವಿಶ್ವಾಸ ಇದ್ದರೆ ಏನು ಸಾಧ್ಯ!" ಎಂದು ಚಪ್ಪಾಳೆ ಹೊಡೆಸಿದರು. ನಮ್ಮ ಡಿಪೋದಿಂದ ಬಂದಿದ್ದವರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

"ಈಗ ನಿಮ್ಮ ಜೊತೆಗಾರರ ಒಂದು ಒಳ್ಳೆಯ ಗುಣ ಹೇಳಿ," ಎಂದರು.

ಡ್ರೈವರ್ ಎದ್ದು ನಿಂತು, "ಮೇಡಂ ಅವರು ಭಾಳ ನಿಯತ್ತಿನವರ್ರಿ," ಎಂದರು. ಮತ್ತೆ ಚಪ್ಪಾಳೆ.

ನನ್ನ ಸರದಿ ಬಂತು.

"ಇವರಂಗ ಬ್ರೇಕ್ ಹಾಕೂ ಡ್ರೈವರ್ ಇಡೀ ಜಿಲ್ಲಾದಾಗ ಇಲ್ರಿ. ಆದ್ರ ಹಾಕಬೇಕಾದಲ್ಲಿ ಹಾಕಂಗಿಲ್ಲ."

ಕೋಟಿನವರು ಕೈ ಎತ್ತಿ, "ಮೇಡಂ, ನೆಗೆಟಿವ್ ಬೇಡ, ನೆಗೆಟಿವ್ ಬೇಡ," ಎಂದರು. ನಾನು ನಿಲ್ಲಿಸಲಿಲ್ಲ. ಬೇವಿನ ಗಿಡ, ಓಡಿ ಬರುವ ಹೆಣ್ಣುಮಕ್ಕಳು, ಬಿಸಿಲಿಗೆ ಬಾಡುವ ಹೂ, ನನ್ನನ್ನು ಬಿಟ್ಟು ಹೋದ ಬಸ್ಸು, ಎಲ್ಲ ಹೇಳಿದೆ. ಆಗ ನಮ್ಮ ಡ್ರೈವರ್, ಸಿಟ್ಟೆಂಬುದೇ ಗೊತ್ತಿಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಮನುಷ್ಯ, ಬೆಂಚು ಹಿಂದಕ್ಕೆ ಸರಿಯುವಂತೆ ಎದ್ದರು.

"ನನಗೇನ್ ಹೆಣ್ಮಕ್ಕಳ ಮ್ಯಾಲ ದ್ವೇಷ ಐತೇನ್ರಿ? ಗಿಡಗಿಡಕ್ಕೂ ನಿಂದರಸಿಕೋತ ಹೋದ್ರ ಡೀಸೆಲ್ ಭಾಳ ಸುಡ್ತೈತಿ. ಬೋರ್ಡಿನ ಮ್ಯಾಲ ನನ್ನ ಹೆಸರು ಕೆಳಗ ಇಳಿತೈತಿ. ಆವಾಗ ಸಾಹೇಬ್ರು ಕರೀತಾರ. ನನ್ನ ಪರವಾಗಿ ಯಾರ್ ಬರ್ತಾರ್ರಿ? ನೀವು ಬರ್ತೀರೇನು?"

ಅದು ನನಗೆ ಕೇಳಿದ ಪ್ರಶ್ನೆ. ನಾವಿಬ್ಬರೂ ಡ್ಯೂಟಿಗೆ ಕೂಡಿದ ಮೇಲೆ ಅವರು ನನ್ನ ಕೂಡ ಆಡಿದ ಮೊದಲ ನಿಜವಾದ ಮಾತು. ಅವರ ನಗುವಿಗಿಂತ ಆ ಸಿಟ್ಟು ನನಗೆ ಎಷ್ಟೋ ಪಾಲು ಹಿಡಿಸಿತು.

"ಬರ್ತೇನಿ," ಅಂದೆ. "ಮದಲ ಗಾಡಿ ನಿಂದರಸ್ರಿ."

ಹಿಂದಿನ ಬೆಂಚುಗಳಿಂದ ಡ್ರೈವರುಗಳು ಒಬ್ಬೊಬ್ಬರಾಗಿ ತಮ್ಮ ಡೀಸೆಲ್ಲಿನ ಗೋಳು ತೋಡಿಕೊಳ್ಳಲು ಶುರು ಮಾಡಿದರು. ಕಂಡಕ್ಟರುಗಳೂ ಸೇರಿಕೊಂಡರು. ಕೋಟಿನವರು ಉಳಿದ ಬಲೂನುಗಳನ್ನು ಚೀಲಕ್ಕೆ ತುಂಬತೊಡಗಿದರು.

ಮರುದಿನ ಬೆಳಿಗ್ಗೆ ಅಕ್ಕಿಆಲೂರು ಬಿಟ್ಟ ಮೇಲೆ ಬಾಗಿಲ ಕಂಬಿ ಹಿಡಿದು ಹೊರಗೆ ಬಗ್ಗಿ ನೋಡುತ್ತಿದ್ದೆ. ಗಿಡ ದೂರದಿಂದ ಕಂಡಿತು, ಅದರ ಕೆಳಗೆ ಟವೆಲ್ ಸುತ್ತಿದ ತಲೆಗಳು. "ಹೋಲ್ಡಾನ್!" ಎಂದು ಕೂಗಿದೆ. ಗಾಡಿ ಬದಿಗೆ ಬಂತು, ಹಿಂದಿನ ಬಾಗಿಲು ಸರಿಯಾಗಿ ದೊಡ್ಡ ಗಂಟಲಿನವಳ ಮುಂದೆ ನಿಂತಿತು. ಯಾರೂ ಓಡಲಿಲ್ಲ. ಅವಳು ಹತ್ತಿದವಳೇ ನನ್ನ ಗಲ್ಲ ಹಿಡಿದು ಅಲ್ಲಾಡಿಸಿ ಒಳಗೆ ಹೋದಳು. ರೈಟ್ ಅನ್ನಲು ನನಗೆ ತಡವಾಯಿತು.

ಅಲ್ಲಿಂದ ದಿನಾ ನಿಲ್ಲುತ್ತಿತ್ತು. ಡೀಸೆಲ್ ಹೆಚ್ಚು ಸುಟ್ಟಿತು, ಅವರು ಹೇಳಿದ ಹಾಗೆಯೇ. ಬೋರ್ಡಿನಲ್ಲಿ ಅವರ ಹೆಸರು ಮೇಲಿನಿಂದ ನಡುವಿಗೆ ಬಂತು. ಸಾಹೇಬರು ಅವರನ್ನು ಕರೆದ ದಿನ ನಾನೂ ಕರೆಯದೆ ಹೋಗಿ ಪಕ್ಕದಲ್ಲಿ ನಿಂತೆ.

"ಸ್ಟಾಪಿಗೆ ನಿಂದ್ರಾಕ ಡೀಸೆಲ್ ಬೇಕಾಗ್ತೈತ್ರಿ ಸಾಹೇಬ್ರ. ಇವರಿಗೆ ಮೆಮೊ ಕೊಡೂದಾದ್ರ ನನಗೂ ಒಂದ್ ಕೊಡ್ರಿ. ನಿಂದರಸು ಅಂತ ಒದರಾಕಿ ನಾನು."

"ನಿಮ್ಮನ್ನ ಕರದವರ್ಯಾರ್ರಿ?" ಎಂದರು ಸಾಹೇಬರು.

"ಇವರು ಕರದಾರ್ರಿ, ತರಬೇತ್ಯಾಗ."

ಮೆಮೊ ಬರಲಿಲ್ಲ. ನಮ್ಮಿಬ್ಬರಲ್ಲಿ ಸ್ನೇಹವೂ ಬೆಳೆಯಲಿಲ್ಲ. ಅವರು ಎಲೆ ಹಂಚುವಾಗ ನನ್ನನ್ನು ದಾಟಿ ಹೋಗುತ್ತಾರೆ, ನನಗದು ಬೇಕಾಗಿಯೂ ಇಲ್ಲ. ಡಿಪೋದಲ್ಲಿ ನನ್ನ ಬಿರುದು ಹಾಗೆಯೇ ಇದೆ.

ಈದ್ ಹಬ್ಬಕ್ಕೆ ರಜೆ ಹಾಕಿದ್ದೆ. ಬೇರೆ ಕಂಡಕ್ಟರ್ ಹೋಗಿದ್ದ, ಹೊಸ ಹುಡುಗ, ಆ ರಸ್ತೆಯೇ ಗೊತ್ತಿಲ್ಲದವನು. ಹಬ್ಬದ ಊಟ ಮಾಡುವಾಗಲೂ ನನ್ನ ಮನಸ್ಸು ಆ ಗಿಡದ ಹತ್ತಿರವೇ ಇತ್ತು. ಮರುದಿನ ದೊಡ್ಡ ಗಂಟಲಿನವಳು ಹತ್ತುತ್ತಲೇ ಕೇಳಿದೆ, ನಿನ್ನೆ ಏನು ಮಾಡಿದಿರಿ ಎಂದು.

"ಏನ್ ಮಾಡೂದು? ಬಸ್ ನಿಂತಿತ್ತು, ಹತ್ತಿದ್ವಿ. ನಿಮ್ಮ ಕಂಡಕ್ಟರ್ ಹುಡುಗಗ ನಾವು ಇರೂದು ಕಂಡ ಇರಲಿಲ್ಲ. ಡ್ರೈವರ್ ತಾನ ನಿಂದರಸಿದ."

ನಾನಿಲ್ಲದೆಯೂ ನಿಂತಿತಲ್ಲ ಎಂದು ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಕಣ್ಣು ತುಂಬಿ ಬಂತು. ಟಿಕೆಟ್ ಮಷೀನು ನೋಡುವವಳಂತೆ ತಲೆ ತಗ್ಗಿಸಿದೆ.

ಆದರೆ ಕೂಗುವುದನ್ನು ನಾನು ಬಿಡಲಿಲ್ಲ. ಅದರ ಮರುದಿನ ಗಿಡ ಕಂಡ ಕೂಡಲೇ ಎಂದಿನಂತೆ "ಹೋಲ್ಡಾನ್!" ಎಂದೆ. ಗಾಡಿ ಆಗಲೇ ನಿಧಾನವಾಗುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಇಡೀ ಬಸ್ಸಿಗೆ ಕೇಳುವಂತೆ ಅಂದರು.

"ನಿಂದರಸಾಕತ್ತೇನಲ್ರಿ ಮೇಡಂ! ಮತ್ಯಾಕ ಒದರ್ತೀರಿ?"

"ನಿಂದರಸೂದು ನಿಮ್ಮ ಕೆಲಸ, ನೀವು ನಿಂದರಸ್ರಿ. ಒದರೂದು ನನ್ನ ಕೆಲಸ, ನಾ ಒದರ್ತೇನಿ."